ಆವೃತ್ತಿ ವಿತರಣಾ ಪಟ್ಟಿಯ ಮೊತ್ತ ಯಾಕೆ ತಾಳೆಯಾಗುವುದಿಲ್ಲ?

ಎಂಟನೇ ಕ್ಲಾಸಿನ ಮಗಳು ವರ್ಗಾಂತರದ ಪಟ್ಟಿ (ಅಂಕಗಳನ್ನು 0-10, 10-20 ಎಂದು ವರ್ಗಗಳಾಗಿ ವಿಂಗಡಿಸಿ, ಒಂದೊಂದರಲ್ಲಿ ಎಷ್ಟು ಮಕ್ಕಳಿದ್ದಾರೆ, ಅಂದರೆ ಆವೃತ್ತಿ ಎಷ್ಟು, ಎಂದು ಬರೆಯುವ ಪಟ್ಟಿ) ಮಾಡಿದಾಗಲೆಲ್ಲ ಮೊತ್ತ ಒಂದೆರಡು ಹೆಚ್ಚು ಕಡಿಮೆ ಆಗುತ್ತದೆ, 20 ಅಂಕವನ್ನು 10-20ಕ್ಕೆ ಹಾಕಬೇಕೋ 20-30ಕ್ಕೋ ಎಂದು ಕೇಳಿದ್ದೀರಿ. 20-30ಕ್ಕೇ ಹಾಕಬೇಕು. ಈ ಬಗೆಯ ವರ್ಗಾಂತರದಲ್ಲಿ ಕೆಳಮಿತಿ ಒಳಗೆ, ಮೇಲ್ಮಿತಿ ಹೊರಗೆ. 10-20 ಅಂದರೆ 10ರಿಂದ ಶುರುವಾಗಿ 20ಕ್ಕಿಂತ ಕಡಿಮೆ ಇರುವುದಷ್ಟೇ.

50 ಅಂಕದ ಪರೀಕ್ಷೆಯಲ್ಲಿ 20 ಮಕ್ಕಳು ತೆಗೆದ ಅಂಕಗಳು ಹೀಗಿವೆ ಎನ್ನಿ:

12, 35, 20, 41, 28, 33, 7, 30, 24, 38, 45, 19, 30, 26, 50, 33, 15, 22, 36, 30

ಹೆಚ್ಚಿನ ಮಕ್ಕಳು ಮೊದಲು 0-10ರ ಅಂಕ ಎಲ್ಲೆಲ್ಲಿವೆ ಎಂದು ಇಡೀ ಸಾಲು ಹುಡುಕುತ್ತಾರೆ, ಆಮೇಲೆ 10-20 ಎಂದು ಮತ್ತೆ ಮೊದಲಿನಿಂದ. ಆರು ಸಲ ಹುಡುಕಿದರೆ ಎಲ್ಲೋ ಒಂದು ಕಣ್ತಪ್ಪುತ್ತದೆ. ಹಾಗೆ ಮಾಡದೆ, ಮೊದಲ ಅಂಕ 12 ಓದಿ, 10-20ರ ಎದುರು ಒಂದು ತಾಳೆ ಗುರುತು (ಎಣಿಕೆಯ ಗೆರೆ) ಹಾಕಿ, 12ರ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಚುಕ್ಕಿ ಇಟ್ಟು, ಮುಂದಿನ 35ಕ್ಕೆ ಹೋಗಲಿ. ಸಾಲನ್ನು ಒಂದೇ ಸಲ ಓದಿದರೆ ಸಾಕು. ಬರಬೇಕಾದ ಉತ್ತರ:

0-10: 1
10-20: 3
20-30: 5
30-40: 8
40-50: 2
50-60: 1

ಮೊತ್ತ 20. ಕೊನೆಯ ವರ್ಗವನ್ನು ಮರೆಯುವವರೇ ಜಾಸ್ತಿ. 50ಕ್ಕೆ 50 ತೆಗೆದ ಮಗು ಪಟ್ಟಿಯಿಂದಲೇ ಹೊರಬಿದ್ದರೆ ಚೆಂದವೇ?

ಮೊತ್ತ ತಪ್ಪಿದಾಗ ಎಲ್ಲವನ್ನೂ ಅಳಿಸಿ ಮತ್ತೆ ಮಾಡಿಸಬೇಡಿ, ಎಷ್ಟು ಬಂದಿದೆ ಎಂಬುದನ್ನು ನೋಡಿ. 25 ಬಂದಿದ್ದರೆ ಗಡಿಯ ಅಂಕಗಳು (ಒಂದು 20, ಮೂರು 30, ಒಂದು 50) ಎರಡೂ ಕಡೆ ಸೇರಿರಬಹುದು. 19 ಬಂದಿದ್ದರೆ 50 ಬಿಟ್ಟುಹೋಗಿದೆಯೇ ನೋಡಿ; ಅದಲ್ಲದಿದ್ದರೆ ತಾಳೆ ಗುರುತಿನ ಕಟ್ಟು ನೋಡಿ. ನಾಲ್ಕು ನಿಂತ ಗೆರೆ, ಐದನೆಯದು ಅವುಗಳ ಮೇಲೆ ಓರೆಗೆರೆ. ಕೆಲವರು ಐದು ನಿಲ್ಲಿಸಿ ಆರನೆಯದನ್ನು ಓರೆಯಾಗಿ ಎಳೆದು, ಎಣಿಸುವಾಗ ಕಟ್ಟನ್ನು ಐದೆಂದೇ ಲೆಕ್ಕ ಹಿಡಿಯುತ್ತಾರೆ. ಆಗ 30-40ರಲ್ಲಿ 8ರ ಬದಲು 7 ಬರುತ್ತದೆ.

ಮೊತ್ತ 20 ಬಂತೆಂದು ನಿಶ್ಚಿಂತೆಯಿಂದಲೂ ಇರಬೇಡಿ. ಗಡಿಯ ಅಂಕಗಳನ್ನೆಲ್ಲ ಕೆಳಗಿನ ವರ್ಗಕ್ಕೆ ಹಾಕಿದರೆ 1, 4, 7, 5, 3 ಆಗುತ್ತದೆ. ಕೂಡಿದರೆ 20 ಸರಿಯಾಗಿಯೇ ಇದೆ, ಆದರೆ ಅತಿ ಹೆಚ್ಚು ಮಕ್ಕಳಿರುವ ವರ್ಗ 30-40 ಹೋಗಿ 20-30 ಆಗಿಬಿಟ್ಟಿದೆ! ಅದಕ್ಕೇ 10, 20, 30ರಂಥ ಅಂಕಗಳಿಗೆ ಮೊದಲೇ ಸುತ್ತು ಹಾಕಿಸಿ, ಕೊನೆಯಲ್ಲಿ ಅವನ್ನಷ್ಟೇ ಇನ್ನೊಮ್ಮೆ ನೋಡಿಸಿ.

ಈ ಪಟ್ಟಿಯನ್ನು ಕಂಬಗಳಲ್ಲಿ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಂ ಸುಲಭ. ಅಡ್ಡ ಅಕ್ಷದಲ್ಲಿ 1 ಸೆಂ.ಮೀ.ಗೆ 10 ಅಂಕ, ಲಂಬ ಅಕ್ಷದಲ್ಲಿ 1 ಸೆಂ.ಮೀ.ಗೆ ಒಬ್ಬ ವಿದ್ಯಾರ್ಥಿ. ಕಂಬಗಳ ನಡುವೆ ಜಾಗ ಬಿಡಬಾರದು, ಏಕೆಂದರೆ ಒಂದು ವರ್ಗ ಮುಗಿಯುವಲ್ಲೇ ಇನ್ನೊಂದು ಶುರು. ಲೆಕ್ಕದಲ್ಲಿ 1-10, 11-20 ಎಂದು ಕೊಟ್ಟಿದ್ದರೆ ಮಾತ್ರ 10ಕ್ಕೂ 11ಕ್ಕೂ ನಡುವೆ ಒಂದರ ಅಂತರ ಉಳಿಯುತ್ತದೆ. ಕೆಳಮಿತಿಯಿಂದ 0.5 ಕಳೆದು, ಮೇಲ್ಮಿತಿಗೆ 0.5 ಕೂಡಿ, 0.5-10.5, 10.5-20.5 ಎಂದು ಮಾಡಿಕೊಂಡ ಮೇಲೆಯೇ ಕಂಬ ಎಳೆಯಬೇಕು. ಆವೃತ್ತಿಗಳು ಇದ್ದ ಹಾಗೇ ಇರುತ್ತವೆ.