ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ), ನಾಟಕ ಅಂತ ಓಡಾಡಿದ್ದಕ್ಕೆ ಡಿಗ್ರಿಯಲ್ಲಿ ಕ್ರೆಡಿಟ್ ಸಿಗುತ್ತಾ?

ಸಿಗುತ್ತದೆ, ಆದರೆ ಯಾವ ಕೋರ್ಸ್ ಅನ್ನುವುದರ ಮೇಲೆ ಹೋಗುತ್ತದೆ.

ಹುಬ್ಬಳ್ಳಿಯಲ್ಲೋ ಗದಗದಲ್ಲೋ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದರೆ ತರಗತಿಯಾಚೆಗಿನ ಚಟುವಟಿಕೆಗಳಿಗೆ ಕೊಡುವ 100 ಆಕ್ಟಿವಿಟಿ ಪಾಯಿಂಟ್ ಗಳಿಸಲೇಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75. ಇವು ಸಿಜಿಪಿಎಗೆ (ಇಡೀ ಕೋರ್ಸಿನ ಸರಾಸರಿ ಗ್ರೇಡ್‌ಗೆ) ಸೇರುವುದಿಲ್ಲ, ಆದರೆ ಇಲ್ಲದಿದ್ದರೆ ಡಿಗ್ರಿಯೂ ಇಲ್ಲ.

ಧಾರವಾಡದಲ್ಲಿ ಬಿಎ, ಬಿಎಸ್ಸಿ ಓದುವವರು ತಮ್ಮ ಬ್ಯಾಚ್‌ನ ಸಿಲೆಬಸ್ಸನ್ನೇ ನೋಡಬೇಕು. ರಾಜ್ಯದಲ್ಲಿ 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024ರಲ್ಲಿ ಹೋಯಿತು. ಹಾಗಾಗಿ ಸೀನಿಯರ್ ಹೇಳಿದ್ದು ನಿಮಗೆ ಹೊಂದಬೇಕೆಂದಿಲ್ಲ.

ಲೆಕ್ಕ ಗಂಟೆಗಳದ್ದು. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆ ಕಲಿಕೆಗೆ 1 ಕ್ರೆಡಿಟ್. ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ, ಮೇಲೆ 7 ದಿನದ ಕ್ಯಾಂಪ್. ಸುಮ್ನೆ ಹೆಸರು ಬರೆಸಿದರೆ ಸಾಲದು. ಒಂದು ಡೈರಿ ಇಡಿ: ಯಾವ ಊರು, ಎಷ್ಟು ಹೊತ್ತಿಂದ ಎಷ್ಟು ಹೊತ್ತಿಗೆ, ಏನು ಕೆಲಸ. ಕೆರೆ ಹೂಳೆತ್ತಿದ ದಿನವೇ ಕೈ ತೊಳೆದುಕೊಂಡು ಬರೆದು, ಕಾರ್ಯಕ್ರಮಾಧಿಕಾರಿಯ ಸಹಿ ಹಾಕಿಸಿ. ನಾನು ಸೆಮಿಸ್ಟರ್ ಕೊನೆಗೆ ಬರೆಯಲು ಕೂತು ಅರ್ಧ ಮರೆತಿದ್ದೆ.

ನಾಟಕದವರಿಗೆ ಅನ್ಯಾಯ ಜಾಸ್ತಿ ಅನಿಸುತ್ತದೆ. ತಿಂಗಳುಗಟ್ಟಲೆ ರಿಹರ್ಸಲ್ ಮಾಡಿದ್ದು ಎಲ್ಲೂ ದಾಖಲಾಗುವುದಿಲ್ಲ, ಪ್ರಶಸ್ತಿ ಪತ್ರ ಮಾತ್ರ ಉಳಿಯುತ್ತದೆ. ಅವರೂ ಹಾಜರಿ ಪುಸ್ತಕ ಇಡಲಿ.