ಸಂಡಿಗೆ ಒಣಹಾಕಿದರೆ ದಿನಕ್ಕೆ ನೂರು ಡಾಲರ್ ದಂಡವೇ?

ಹೊರನಾಡಿನಲ್ಲಿ ಮನೆ ಮಾಡಿರುವವರ ಪ್ರಶ್ನೆಗಳಿಗೆ ನಾನು ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ, ನಿವೃತ್ತ ಸಿವಿಲ್ ಎಂಜಿನಿಯರ್. ನಾರ್ತ್ ಕೆರೊಲಿನಾದ ರಾಲಿ ನಗರದ ಹತ್ತಿರ 1996ರಿಂದ ಒಂದೇ ಮನೆಯಲ್ಲಿದ್ದೇನೆ. ಈ ಸಲ ಬಂದ ಪತ್ರಗಳೆಲ್ಲ ಸುತ್ತಿ ಸುಳಿದು ಒಂದೇ ವಿಷಯಕ್ಕೆ ಬರುತ್ತವೆ: ಬಡಾವಣೆಯ ಮನೆ ಮಾಲೀಕರ ಸಂಘಗಳಿಗೆ ಇರುವ ಅಧಿಕಾರ. ಆದ್ದರಿಂದ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ 2021ರಲ್ಲಿ ಮನೆ ಕೊಂಡಿದ್ದಾನೆ. ಈ ಬೇಸಿಗೆಯಲ್ಲಿ ಅಲ್ಲಿದ್ದಾಗ ಹಿಂದುಗಡೆಯ ಡೆಕ್ಕಿನ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟಿದ್ದೆ. ಒಗೆದ ಇನ್ನೊಂದು ಸೀರೆಯನ್ನು ಡೆಕ್ಕಿನ ಕಟಕಟೆಯ ಮೇಲೆ ಹರವಿದ್ದೆ. ಎಂಟು ದಿನಕ್ಕೆ ಮನೆ ಮಾಲೀಕರ ಸಂಘದಿಂದ ಫೋಟೊ ಸಮೇತ ಪತ್ರ ಬಂತು: ಇದು ನಿಯಮದ ಉಲ್ಲಂಘನೆ, ವಿಚಾರಣೆಗೆ ಬನ್ನಿ, ತಪ್ಪಿದರೆ ದಂಡ. ದಂಡ ಕಟ್ಟದಿದ್ದರೆ ಮನೆಯನ್ನೇ ಮಾರಬಹುದು ಎಂದು ಮಗ ಹೆದರಿಸುತ್ತಾನೆ. ನಮ್ಮ ದುಡ್ಡಿನ ಮನೆಯಲ್ಲಿ ಸಂಡಿಗೆ ಇಡಲು ಯಾರನ್ನು ಕೇಳಬೇಕು? ಅಲ್ಲಿನ ಸರ್ಕಾರ ಇದಕ್ಕೆಲ್ಲ ಅವಕಾಶ ಕೊಟ್ಟಿದೆಯೇ?
— ಒಬ್ಬ ತಾಯಿ, ಮೈಸೂರು

ಉತ್ತರ: ಅಮ್ಮ, ಕೊಟ್ಟಿದೆ. ಅದನ್ನು ಕೊಟ್ಟ ರೀತಿಯ ಬಗ್ಗೆಯೇ ನನಗೆ ಇಪ್ಪತ್ತು ವರ್ಷಗಳಿಂದ ಹೊಟ್ಟೆಯುರಿ.

ಮೊದಲು ನಿಮ್ಮ ಭಯ. ನಾರ್ತ್ ಕೆರೊಲಿನಾದ ಯೋಜಿತ ಬಡಾವಣೆಗಳ ಕಾಯ್ದೆ 1999ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸಂಘ ಒಂದು ಉಲ್ಲಂಘನೆಗೆ ನೂರು ಡಾಲರ್‌ವರೆಗೆ ದಂಡ ಹಾಕಬಹುದು. ತೀರ್ಪು ಕೊಟ್ಟು ಐದು ದಿನ ಕಳೆದ ಮೇಲೂ ತಪ್ಪು ಮುಂದುವರಿದರೆ ಮತ್ತೆ ವಿಚಾರಣೆ ಇಲ್ಲದೆ ದಿನಕ್ಕೆ ನೂರು ಡಾಲರ್‌ನಂತೆ ಬೆಳೆಸುತ್ತಾ ಹೋಗಬಹುದು. ಕಟ್ಟದ ದಂಡ ಮನೆಯ ಮೇಲೆ ಋಣವಾಗಿ ಕೂರುತ್ತದೆ. ನಮ್ಮ ಪಹಣಿಯಲ್ಲಿ ಬ್ಯಾಂಕಿನ ಬೋಜಾ ಕೂರುವುದಿಲ್ಲವೇ, ಹಾಗೆ. ಆದರೆ ಬರೀ ದಂಡದ ಬಾಕಿಗಾಗಿ ಸಂಘ ತಾನೇ ಮನೆಯನ್ನು ಹರಾಜಿಗೆ ಇಡುವಂತಿಲ್ಲ. 2005ರಲ್ಲಿ ಆದ ತಿದ್ದುಪಡಿಯ ನಂತರ ಅದಕ್ಕೆ ನ್ಯಾಯಾಲಯದಲ್ಲಿ ದಾವೆ ಹೂಡಿಯೇ ಗೆಲ್ಲಬೇಕು. ಒಂದು ಸೀರೆಗಾಗಿ ನಿಮ್ಮ ಮಗನ ಮನೆ ಹೋಗುವುದಿಲ್ಲ. ನಿಶ್ಚಿಂತೆಯಿಂದ ನಿದ್ದೆ ಮಾಡಿ.

ಆದರೆ ವಿಚಾರಣೆಗೆ ಮಗ ಖಂಡಿತ ಹೋಗಲಿ. ಆರೋಪ ಏನೆಂದು ಮೊದಲೇ ತಿಳಿಸುವುದು, ಮಾತಾಡಲು ಮತ್ತು ಸಾಕ್ಷ್ಯ ತೋರಿಸಲು ಅವಕಾಶ ಕೊಡುವುದು, ತೀರ್ಮಾನವನ್ನು ತಿಳಿಸುವುದು, ಇವನ್ನು ಕಾಯ್ದೆಯೇ ಸಂಘಕ್ಕೆ ಕಡ್ಡಾಯ ಮಾಡಿದೆ. ಆಡಳಿತ ಮಂಡಳಿಯ ಬದಲು ಪ್ರತ್ಯೇಕ ಸಮಿತಿ ವಿಚಾರಣೆ ನಡೆಸಿದ್ದರೆ ಅದರ ತೀರ್ಮಾನದ ವಿರುದ್ಧ ಮಂಡಳಿಗೆ ಹದಿನೈದು ದಿನದೊಳಗೆ ಮೇಲ್ಮನವಿ ಕೊಡಬಹುದು. ಹೋಗುವ ಮುಂಚೆ ಬಡಾವಣೆಯ ಮೂಲ ಘೋಷಣಾಪತ್ರವನ್ನು, ಅಂದರೆ ಅಲ್ಲಿ ಮನೆ ಕೊಂಡವರೆಲ್ಲ ಪಾಲಿಸಬೇಕಾದ ನಿಯಮಗಳ ದಾಖಲೆಯನ್ನು, ಓದಿಕೊಳ್ಳಲಿ. ಅದು ವೇಕ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ನೋಂದಣಿ ಕಚೇರಿಯ ದಾಖಲೆಗಳಲ್ಲಿದೆ, ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ತೆರೆಯಬಹುದು. ಅದರಲ್ಲಿ ‘ಬಟ್ಟೆ ಒಣಹಾಕುವ ಹಗ್ಗ’ ಎಂದಷ್ಟೇ ಇದ್ದರೆ, ನೆಲದ ಮೇಲೆ ಹಾಸಿದ ಸೀರೆ ಹಗ್ಗ ಹೇಗಾಗುತ್ತದೆ ಎಂದು ಕೇಳಲಿ. ಕಟಕಟೆಯ ಮೇಲಿನ ಸೀರೆಯನ್ನು ಮಾತ್ರ ಇನ್ನು ಮೇಲೆ ಒಳಗೆ ಒಣಗಿಸಿ. ಗೆಲ್ಲಬಹುದಾದ ಜಗಳವನ್ನಷ್ಟೇ ಆಡೋಣ.

ಈಗ ನನ್ನ ಹೊಟ್ಟೆಯುರಿಯ ಮಾತು. 1996ರಲ್ಲಿ ನಾನು ಸಹಿ ಹಾಕಿದ ಘೋಷಣಾಪತ್ರ ಏಳೇ ಪುಟದ್ದು. ಅದನ್ನು ಈಗಲೂ ನನ್ನ ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡಿದ್ದೇನೆ. ವಂತಿಗೆ ಕೊಡಬೇಕು ಎಂದಿದೆ, ಬೇಲಿಯ ಎತ್ತರ ಎಷ್ಟಿರಬೇಕು ಎಂದಿದೆ. ದಂಡ ಎಂಬ ಪದ ಏಳು ಪುಟಗಳಲ್ಲಿ ಒಂದು ಕಡೆಯೂ ಇಲ್ಲ. ಆ ಪತ್ರ ಓದಿಯೇ ಮನೆ ಕೊಂಡೆ. ಓದದೆ ಸಹಿ ಹಾಕುವ ಜಾಯಮಾನ ನನ್ನದಲ್ಲ.

1999ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯ ಕೆಲವು ಕಲಮುಗಳು ನಮ್ಮಂಥ ಹಳೆಯ ಬಡಾವಣೆಗಳಿಗೂ ಅನ್ವಯಿಸುತ್ತವೆ ಎಂದು ಆ ಕಾಯ್ದೆಯಲ್ಲೇ ಬರೆದಿತ್ತು. ಎಷ್ಟರ ಮಟ್ಟಿಗೆ ಎಂಬ ಪ್ರಶ್ನೆ ರಾಲಿಯ ಹ್ಯಾರಿಂಗ್‌ಟನ್ ಗ್ರೋವ್ ಬಡಾವಣೆಯ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮನೆಯವರೊಬ್ಬರು ಕಟ್ಟಿದ ತಡೆಗೋಡೆಗೆ ಸಂಘ ದಂಡ ಹಾಕಿತ್ತು. 2003ರಲ್ಲಿ ನ್ಯಾಯಾಲಯ ಮನೆಯವರ ಪರ ನಿಂತಿತು. ಮೂಲಪತ್ರದಲ್ಲಿ ದಂಡದ ಅಧಿಕಾರ ಬರೆದಿಲ್ಲದಿದ್ದರೆ ಕಾಯ್ದೆ ಬಂದ ಮಾತ್ರಕ್ಕೆ ಹಳೆಯ ಸಂಘಕ್ಕೆ ಆ ಅಧಿಕಾರ ಬಂದಂತಾಗುವುದಿಲ್ಲ ಎಂದಿತು. ಆ ತೀರ್ಪು ಬಂದ ದಿನ ಮನೆಯಲ್ಲಿ ಪಾಯಸ ಮಾಡಿಸಿದ್ದೆ. ಮರುವರ್ಷವೇ, 2004ರಲ್ಲಿ, ರಾಜ್ಯದ ಶಾಸಕಾಂಗ ಕಾಯ್ದೆಯನ್ನು ತಿದ್ದಿತು. ಮೂಲಪತ್ರದಲ್ಲಿ ‘ಬೇಡ’ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಸಂಘಕ್ಕೆ ಅಧಿಕಾರವಿಲ್ಲ, ಪತ್ರ ಸುಮ್ಮನಿದ್ದರೆ ಅಧಿಕಾರ ಇದೆ ಎಂದಾಯಿತು. ನನ್ನ ಏಳು ಪುಟದ ಪತ್ರದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಅದರ ಅರ್ಥವನ್ನು ಮಾತ್ರ ನನ್ನನ್ನು ಕೇಳದೆ ತಿರುವಿಹಾಕಿದರು.

2005ರ ಆಗಸ್ಟಿನಲ್ಲಿ ನನಗೂ ಪತ್ರ ಬಂತು. ಹಿತ್ತಿಲಲ್ಲಿ ಹಾಗಲಬಳ್ಳಿಗೆ ಹಾಕಿದ್ದ ಚಪ್ಪರ ‘ಅನುಮತಿ ಇಲ್ಲದ ಕಟ್ಟಡ’ವಂತೆ. ಆರು ಕಂಬ, ಮೇಲೆ ತಂತಿ, ಅಷ್ಟೇ. ಅದು ಎಂಟು ವರ್ಷಗಳಿಂದ ಅಲ್ಲೇ ಇತ್ತು. ವಿಚಾರಣೆಗೆ ಏಳು ಪುಟ ಹಿಡಿದು ಹೋದೆ. ‘ದಂಡ ಎಂಬ ಮಾತು ಇದರಲ್ಲಿ ಎಲ್ಲಿದೆ, ತೋರಿಸಿ’ ಎಂದೆ. ಮೇಜಿನ ಆಚೆ ಇದ್ದವರು ನನ್ನ ಪತ್ರವನ್ನು ಮುಟ್ಟಲಿಲ್ಲ. ಕಾಯ್ದೆಯ ಪ್ರತಿಯನ್ನು ನನ್ನ ಕಡೆಗೆ ತಿರುಗಿಸಿದರು. ನಾಲ್ಕನೆಯ ದಿನ ಬಳ್ಳಿ ಕಿತ್ತೆ. ಹೂವು ಇನ್ನೂ ಬಿಡುತ್ತಿತ್ತು, ಬೆರಳುದ್ದದ ಎಳೆಯ ಕಾಯಿಗಳು ತಂತಿಗೆ ಸುತ್ತಿಕೊಂಡಿದ್ದವು. ನನ್ನ ಹೆಂಡತಿ ಒಂದೊಂದೇ ಬಿಡಿಸಿ ಮಡಿಲಿಗೆ ಹಾಕಿಕೊಂಡಳು. ಅವಳು ಆ ದಿನ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ.

ಚಪ್ಪರ ಬೇಡ ಎನ್ನುವ ನಿಯಮ ಇರಬಾರದು ಎಂದು ನಾನು ವಾದಿಸುತ್ತಿಲ್ಲ. ಮೊದಲೇ ಬರೆದಿದ್ದರೆ ಬೇರೆ ಕಡೆ ಮನೆ ಹುಡುಕುತ್ತಿದ್ದೆ. ಸಹಿ ಬಿದ್ದ ಕಾಗದಕ್ಕೆ ರಾಜ್ಯ ಸರ್ಕಾರ ಆಮೇಲೆ ಹೊಸ ಸಾಲು ಸೇರಿಸಬಾರದು. ನನ್ನ ವಿರೋಧ ಇಷ್ಟಕ್ಕೇ.

ಪ್ರಶ್ನೆ: ನಾನು ಶಾರ್ಲಟ್ ನಗರದಲ್ಲಿ ನಮ್ಮ ಬಡಾವಣೆಯ ಸಂಘದ ಖಜಾಂಚಿ. ಸಂಬಳವಿಲ್ಲದೆ ದುಡಿಯುತ್ತೇನೆ. ನಿಮ್ಮ ಬರಹ ಓದಿದವರು ವಂತಿಗೆ ನಿಲ್ಲಿಸಿದರೆ ಹುಲ್ಲು ಕತ್ತರಿಸುವವರು ಯಾರು, ಮಳೆನೀರಿನ ಕೊಳ ನೋಡಿಕೊಳ್ಳುವವರು ಯಾರು?

ಉತ್ತರ: ವಂತಿಗೆ ನಿಲ್ಲಿಸಿ ಎಂದು ನಾನು ಯಾವತ್ತೂ ಬರೆದಿಲ್ಲ, ಬರೆಯುವುದೂ ಇಲ್ಲ. ಎಲ್ಲ ಓದುಗರಿಗೂ ಹೇಳುತ್ತೇನೆ: ಜಗಳ ಎಷ್ಟೇ ಇರಲಿ, ವಂತಿಗೆಯನ್ನು ಹೊತ್ತಿಗೆ ಸರಿಯಾಗಿ ಕಟ್ಟಿ. ದಂಡದ ಬಾಕಿಗೆ ಇರುವ ರಕ್ಷಣೆ ವಂತಿಗೆಯ ಬಾಕಿಗೆ ಇಲ್ಲ. ಮೂವತ್ತು ದಿನ ಬಾಕಿಯಾದರೆ ಋಣ ದಾಖಲಿಸಬಹುದು. ತೊಂಬತ್ತು ದಿನ ದಾಟಿದರೆ, ಆ ನಿರ್ದಿಷ್ಟ ಮನೆಯ ಬಗ್ಗೆ ಮಂಡಳಿ ಮತ ಹಾಕಿ ನಿರ್ಣಯಿಸಿ, ಹರಾಜಿನ ಪ್ರಕ್ರಿಯೆಗೇ ಕೈ ಹಾಕಬಹುದು. ಹಟಕ್ಕೆ ಬಿದ್ದು ಮನೆ ಕಳೆದುಕೊಳ್ಳಬೇಡಿ.

ಕೊಳದ ಮಾತು ತೆಗೆದಿದ್ದೀರಿ, ಸಂತೋಷ. ಅದು ನನ್ನ ಕಸುಬು. ನಮ್ಮ ಬಡಾವಣೆಯ ಕೊಳಕ್ಕೆ ನಾನೇ ಬೂಟು ಹಾಕಿ ಇಳಿದಿದ್ದೇನೆ. ನಡುವೆ ಕಾಂಕ್ರೀಟಿನ ತೂಬು, ಅದರ ಬಾಯಿಗೆ ಕಂಬಿಯ ಜಾಲರಿ. ಜಾಲರಿಗೆ ಪೈನ್ ಮರದ ಸೂಜಿ ಎಲೆ ಕಂಬಳಿಯಂತೆ ಹೆಣೆದುಕೊಂಡು, ಒಂದು ಮಳೆಗೆ ಏರಿಯ ಮೇಲೆ ನೀರು ಬರಲು ಗೇಣು ಮಾತ್ರ ಉಳಿದಿತ್ತು. ಕೈಯಿಂದ ಕಿತ್ತು ತೆಗೆದಾಗ ನೀರು ಸದ್ದು ಮಾಡುತ್ತಾ ಇಳಿಯಿತು. ಏರಿ ಒಡೆದರೆ ಕೆಳಗಿನ ಮನೆಗಳ ಗತಿ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಿಪಟೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ನೀರುಗಂಟಿ ಇದ್ದ, ಅವನಿಗೆ ಊರೆಲ್ಲ ಕಾಳು ಅಳೆಯುತ್ತಿತ್ತು. ಕೊಳಕ್ಕೆ, ರಸ್ತೆಗೆ, ದೀಪಕ್ಕೆ ದುಡ್ಡು ಕೇಳಿ. ಮೊದಲು ಕೊಡುವವನು ನಾನು.

ನನ್ನ ತಕರಾರು ಹಣ ಒಪ್ಪಿಸಿಕೊಳ್ಳುವ ವಿಧಾನದ ಬಗ್ಗೆ. ಬಜೆಟ್ ಸಭೆಯ ನಿಯಮ ಖಜಾಂಚಿಯಾದ ನಿಮಗೆ ಗೊತ್ತೇ ಇದೆ, ಬೇರೆಯವರಿಗಾಗಿ ಬರೆಯುತ್ತೇನೆ. ಮಂಡಳಿ ಮಂಡಿಸಿದ ಬಜೆಟ್ಟನ್ನು ತಿರಸ್ಕರಿಸಲು ಬಡಾವಣೆಯ ಒಟ್ಟು ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಿರೋಧಿಸಬೇಕು. ಸಭೆಗೆ ಕೋರಂ ಬೇಕಿಲ್ಲ. ನಮ್ಮಲ್ಲಿ 212 ಮನೆ. ಒಂದು ವರ್ಷ ಸಭೆಗೆ 31 ಮಂದಿ ಬಂದಿದ್ದೆವು, 31 ಜನರೂ ಏರಿಕೆ ಬೇಡ ಎಂದು ಕೈ ಎತ್ತಿದೆವು. ಬಜೆಟ್ ಅನುಮೋದನೆಯಾಯಿತು. ಮನೆಯಲ್ಲಿ ಊಟ ಮಾಡುತ್ತಿದ್ದ 181 ಮಂದಿ ಒಪ್ಪಿದ ಲೆಕ್ಕ. ನಿಮ್ಮ ಲೆಕ್ಕಪತ್ರ ಶುದ್ಧವಾಗಿದ್ದರೆ ಈ ನಿಯಮದ ಆಸರೆ ನಿಮಗೆ ಯಾಕೆ ಬೇಕು? ಬಂದವರನ್ನು ಒಪ್ಪಿಸಿ.

ನ್ಯಾಯಾಲಯಗಳು ಎಲ್ಲ ಬಾಗಿಲನ್ನೂ ಮುಚ್ಚಿಲ್ಲ ಎಂಬುದನ್ನೂ ಹೇಳಬೇಕು. ಹೆಂಡರ್ಸನ್ ಕೌಂಟಿಯ ಲೆಡ್ಜಸ್ ಎಂಬ ಬಡಾವಣೆಯಲ್ಲಿ ಮೊದಲಿಗೆ ಹಂಚಿಕೊಳ್ಳಬೇಕಾಗಿದ್ದ ಖರ್ಚು ಹೆಬ್ಬಾಗಿಲಿನ ಫಲಕದ ದೀಪದ್ದು. ಆಮೇಲೆ ಬಹುಮತದಿಂದ ಪತ್ರ ತಿದ್ದಿ, ಸಂಘ ಯಾವುದಕ್ಕೆ ಬೇಕಾದರೂ ವಂತಿಗೆ ಎತ್ತಬಹುದು ಎಂದು ಮಾಡಿದರು. 2006ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಅಸಿಂಧುಗೊಳಿಸಿತು. ಕೊಂಡವರು ಮೂಲ ಒಪ್ಪಂದವನ್ನು ನಂಬಿ ಕೊಂಡಿರುತ್ತಾರೆ, ತಿದ್ದುಪಡಿ ಅದಕ್ಕೆ ಹೊಂದುವಷ್ಟು ಸಮಂಜಸವಾಗಿರಬೇಕು ಎಂಬುದು ಅದರ ಸಾರ. ಮನೆಯ ಮೇಲಿನ ಸೌರಫಲಕಕ್ಕೆ ಅನುಮತಿ ನಿರಾಕರಿಸಿದ ರಾಲಿಯ ಇನ್ನೊಂದು ಸಂಘವೂ 2022ರಲ್ಲಿ ಅದೇ ನ್ಯಾಯಾಲಯದಲ್ಲಿ ಸೋತಿತು. ಆದರೆ ಅಲ್ಲಿಯವರೆಗೆ ಹೋಗುವ ವಕೀಲರ ಫೀಸು ಎಷ್ಟು ಮನೆಯವರಿಗೆ ಎಟುಕುತ್ತದೆ?

ಪ್ರಶ್ನೆ: ಬೆಂಗಳೂರಿನಲ್ಲಿಯೂ ಇಂಥದೇ ಬಿಗಿಯಾದ ಕಾಯ್ದೆ ಬೇಕು ಎನ್ನುವವರಿದ್ದಾರೆ. ಸರ್ಜಾಪುರ ರಸ್ತೆಯ ನಮ್ಮ ಬಡಾವಣೆಯಲ್ಲಿ ಅರ್ಧ ಜನ ನಿರ್ವಹಣಾ ಶುಲ್ಕ ಕೊಡುವುದೇ ಇಲ್ಲ. ನಿಮ್ಮ ಅಭಿಪ್ರಾಯ?

ಉತ್ತರ: ಶುಲ್ಕ ಕೊಡದವರಿಂದ ವಸೂಲಿ ಮಾಡಲು ಸುಲಭದ ದಾರಿ ಬೇಕು, ಒಪ್ಪುತ್ತೇನೆ. ಆದರೆ ನಮ್ಮ ಹಳೆಯ ಕಾನೂನಿನ ಒಂದು ಒಳ್ಳೆಯ ಗುಣವನ್ನು ಕಳೆದುಕೊಳ್ಳಬೇಡಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ತಾನಾಗಿ ಯಾರ ಮೇಲೂ ಬಂದು ಬೀಳುವುದಿಲ್ಲ. ಮಾಲೀಕರು, ಹಲವರಿದ್ದರೆ ಎಲ್ಲರೂ, ಘೋಷಣಾಪತ್ರ ಬರೆದು ನೋಂದಾಯಿಸಿ ತಮ್ಮ ಆಸ್ತಿಯನ್ನು ಆ ಕಾಯ್ದೆಗೆ ಒಳಪಡಿಸಬೇಕು. ಹೊಸ ಕಾನೂನು ಬರುವುದಾದರೆ ಹೊಸ ಬಡಾವಣೆಗಳಿಗೆ ಬರಲಿ. ಹಳೆಯವರು ಬೇಕಿದ್ದರೆ ಕೈ ಎತ್ತಿ ಸೇರಿಕೊಳ್ಳಲಿ.

ನಿವೇಶನಗಳ ಬಡಾವಣೆಯಾದರೆ ಇನ್ನೊಂದು ವಿಷಯ. ನಕ್ಷೆ ಮಂಜೂರಾಗುವಾಗ ರಸ್ತೆ, ಉದ್ಯಾನಗಳನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಿರುತ್ತಾರೆ. ಹಾಗೆ ಬಿಟ್ಟುಕೊಟ್ಟ ರಸ್ತೆಗೆ ಗೇಟು ಹಾಕಿ ಸಾರ್ವಜನಿಕರನ್ನು ತಡೆಯುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿದೆ. ಆ ರಸ್ತೆಯ ಹೊಂಡ ಮುಚ್ಚುವ ಹೊಣೆ ಯಾರದು ಎಂದು ಸಂಘವನ್ನು ಕೇಳುವ ಮುಂಚೆ ಪಾಲಿಕೆಯನ್ನೋ ಪಂಚಾಯಿತಿಯನ್ನೋ ಕೇಳಿ. ಮನೆಯವರಿಂದ ತೆರಿಗೆಯನ್ನೂ ಪಡೆದು ರಸ್ತೆಯ ಖರ್ಚನ್ನೂ ಅವರ ತಲೆಗೇ ಕಟ್ಟುವ ಅಭ್ಯಾಸವನ್ನು ಅಮೆರಿಕದ ಊರುಗಳಿಂದ ಕಲಿಯುವುದು ಬೇಡ.

ಪ್ರಶ್ನೆ: ಕಾಯ್ದೆಯನ್ನು ವಿರೋಧಿಸುತ್ತೀರಿ, ಸರಿ. ಮಾಡುತ್ತಿರುವುದೇನು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನ್ಯಾಯವಾದ ಪ್ರಶ್ನೆ. ಶಾಸಕರಿಗೆ ಪತ್ರ ಬರೆದು ಬರೆದು ಸಾಕಾಯಿತು. ಈಗ ಕಾಯ್ದೆಯೊಳಗೇ ಇರುವ ಒಂದು ಕಿಂಡಿಯನ್ನು ಹಿಡಿದಿದ್ದೇನೆ. ಘೋಷಣಾಪತ್ರದಲ್ಲಿ ‘ಬೇಡ’ ಎಂದು ಸ್ಪಷ್ಟವಾಗಿ ಬರೆದಿದ್ದರೆ ಸಂಘಕ್ಕೆ ದಂಡದ ಅಧಿಕಾರವಿಲ್ಲ ಎಂದೆನಲ್ಲ, ಆ ಒಂದು ವಾಕ್ಯವನ್ನು ನಮ್ಮ ಪತ್ರಕ್ಕೆ ಸೇರಿಸಬೇಕು. ತಿದ್ದುಪಡಿಗೆ ಶೇಕಡ 67 ಮತ ಬೇಕು, ಘೋಷಣಾಪತ್ರವೇ ಹೆಚ್ಚು ಕೇಳಿದ್ದರೆ ಅಷ್ಟು. ನಮ್ಮದು ಹೆಚ್ಚು ಕೇಳುವುದಿಲ್ಲ. 212 ಮನೆಗೆ 143 ಸಹಿ ಆಗುತ್ತದೆ. ಸಂಜೆ ಹೊತ್ತು ಹಲಗೆಗೆ ಕಾಗದ ಸಿಕ್ಕಿಸಿಕೊಂಡು ನಾನು, ಎದುರು ಮನೆಯ ನಿವೃತ್ತ ಶಾಲಾ ಶಿಕ್ಷಕಿ, ಮೂಲೆ ಮನೆಯ ಒಬ್ಬ ಯುವಕ, ಮೂವರೂ ಮನೆಮನೆಗೆ ಹೋಗುತ್ತೇವೆ. ಕೆಲವರು ಬಾಗಿಲು ತೆರೆಯುವುದಿಲ್ಲ. ಕೆಲವರು ಒಳಗೆ ಕರೆದು ತಮಗೆ ಬಂದ ಪತ್ರಗಳನ್ನು ತೆಗೆದು ತೋರಿಸುತ್ತಾರೆ: ಕಸದ ಡಬ್ಬಿ ಹೊರಗಿತ್ತು, ಅಂಚೆಪೆಟ್ಟಿಗೆಯ ಬಣ್ಣ ಮಾಸಿತ್ತು. ಮೊನ್ನೆ ಭಾನುವಾರಕ್ಕೆ 96 ಸಹಿ ಆಗಿದೆ. ಇನ್ನು 47 ಬೇಕು. ಕೊಳದ ಆಚೆಯ ಎರಡು ಬೀದಿ ಬಾಕಿ ಇದೆ, ಈ ವಾರ ಅಲ್ಲಿಗೆ ಹೋಗುತ್ತಿದ್ದೇವೆ.