ಲಾಡೂಗೆ ದಿನ ತುಂಬಿದೆ, ನಾನೇನು ಮಾಡಲಿ ಅಕ್ಕಾ?

ಪ್ರಶ್ನೆ: ನಮ್ಮ ಹಂದಿ ಮೊದಲ ಸಲ ಈದಿತು. ಆರು ಮರಿ. ಎರಡನ್ನು ತಾನೇ ಕಚ್ಚಿ ಕೊಂದಿತು. ಅತ್ತೆ ಇದು ಮನೆಗೆ ಒಳ್ಳೇದಲ್ಲ, ಮಾರಿಬಿಡು ಅಂತಾರೆ. ನಿಜವಾ?
– ಓದುಗರು, ಫೋಂಡಾ

ಉತ್ತರ: ಅತ್ತೆಗೆ ನನ್ನ ನಮಸ್ಕಾರ ಹೇಳಿ, ಆದರೆ ಹಂದಿ ಮಾರಬೇಡಿ. ಇದು ಶಕುನ ಅಲ್ಲ, ಹೆದರಿಕೆ. ಚೊಚ್ಚಲು ಹಂದಿಗೆ ತನಗೆ ಏನಾಗುತ್ತಿದೆ ಅಂತಲೇ ಗೊತ್ತಿರುವುದಿಲ್ಲ. ಹೊಟ್ಟೆ ನೋವು, ಹಿಂದೆ ಏನೋ ಕಿರುಚುತ್ತಿದೆ, ಎದುರಿಗೆ ನಾಲ್ಕು ಜನ ಟಾರ್ಚ್ ಹಿಡಿದು ನಿಂತಿದ್ದಾರೆ. ನಿಮ್ಮಲ್ಲೂ ಯಾರಾದರೂ ವಿಡಿಯೋ ಮಾಡುತ್ತಾ ನಿಂತಿದ್ದರಾ? ಕೇಳಿದೆ ಅಷ್ಟೇ.

ಇನ್ನೊಂದು ಸಲ ಹೀಗಾದರೆ, ಹುಟ್ಟಿದ ಮರಿಯನ್ನು ಒಂದೊಂದಾಗಿ ಎತ್ತಿ ಗೋಣಿ ಹಾಸಿದ ಬುಟ್ಟಿಗೆ ಹಾಕಿ, ಬೆಚ್ಚಗೆ ಇಡಿ. ತಾಯಿ ಪೂರ್ತಿ ಈದು ಸುಸ್ತಾಗಿ ಮಲಗಿದ ಮೇಲೆ ಕೆಚ್ಚಲು ಸವರುತ್ತಾ ಎರಡೆರಡೇ ಮರಿ ಹಚ್ಚಿ ನೋಡಿ. ಹಾಲು ಇಳಿಯಲು ಶುರುವಾದರೆ ಬಹಳಷ್ಟು ಹಂದಿಗಳು ತಣ್ಣಗಾಗುತ್ತವೆ. ಆಗದಿದ್ದರೆ ಡಾಕ್ಟರು ನಿದ್ದೆಯ ಮದ್ದು ಕೊಡುತ್ತಾರೆ, ನೀವು ಕೊಡಬೇಡಿ. ಎರಡನೇ ಸಲ ಈಯುವಾಗ ಸಾಮಾನ್ಯವಾಗಿ ಈ ಗಲಾಟೆ ಇರುವುದಿಲ್ಲ. ಆಗಲೂ ಕಚ್ಚಿದರೆ ಮಾತ್ರ ಅದಕ್ಕೆ ಮತ್ತೆ ಗಂಡು ಕೂಡಿಸಬೇಡಿ. ಸತ್ತ ಮರಿಗಳನ್ನು ನಾಯಿಗೆ ಎಸೆಯಬೇಡಿ, ಸುಣ್ಣ ಹಾಕಿ ಆಳಕ್ಕೆ ಹೂಳಿ.

ಪ್ರಶ್ನೆ: ಅಕ್ಕಾ, ನಾವು ಸವದತ್ತಿ ಕಡೆಯವರು. ಗೋವಾಕ್ಕೆ ಬಂದು ಹನ್ನೊಂದು ವರ್ಷ ಆಯ್ತು. ಸಾಲಿಗಾಂವ್‌ನಲ್ಲಿ ಒಂದು ಹಳೇ ಬಂಗಲೆ ನೋಡಿಕೊಳ್ಳುತ್ತೇವೆ, ಹಿಂದಿನ ಎರಡು ಕೋಣೆಯಲ್ಲಿ ನಮ್ಮ ಸಂಸಾರ. ಮಾಲೀಕರ ಮಗಳು ಏಪ್ರಿಲ್‌ನಲ್ಲಿ ಎರಡು ತಿಂಗಳ ಕರೀ ಹಂದಿಮರಿ ತಂದು ಲಾಡು ಅಂತ ಹೆಸರಿಟ್ಟಳು. ಜುಲೈನಲ್ಲಿ ಅವಳು ಓದಲು ಲಿಸ್ಬನ್‌ಗೆ ಹೋದಳು. ಲಾಡು ನಮ್ಮ ಪಾಲಿಗೆ ಬಂತು. ನಾಯಿ ಥರ ಹಿಂದೆಯೇ ತಿರುಗುತ್ತದೆ, ಕರೆದರೆ ಬರುತ್ತದೆ. ಚೌತಿಯ ಮಾರನೇ ದಿನ, ಆಗಸ್ಟ್ 28ಕ್ಕೆ, ಪಕ್ಕದ ವಾಡೆಯ (ಕೇರಿಯ) ಗಂಡು ಹಂದಿ ಬೇಲಿ ಮುರಿದು ಬಂದಿತ್ತು. ಈಗ ನೋಡಿದರೆ ಹೊಟ್ಟೆ ನೆಲಕ್ಕೆ ತಾಗುವ ಹಾಗಿದೆ. ಅದೇ ಇನ್ನೂ ಕೂಸು ಅಲ್ವಾ ಅಕ್ಕಾ? ನಮ್ಮ ಮನೆಯವರು ಊರಲ್ಲಿ ಆಕಳು ಈಯಿಸಿದ್ದಾರೆ, ಹಂದಿ ಗೊತ್ತಿಲ್ಲ. ಊರಿಗೆ ಫೋನ್ ಮಾಡಿ ಕೇಳಿದರೆ ನಗುತ್ತಾರೆ. ಯಾವಾಗ ಈಯುತ್ತದೆ, ನಾವು ಏನೇನು ಮಾಡಬೇಕು?
– ನಿಮ್ಮ ತಂಗಿ, ಸಾಲಿಗಾಂವ್

ಉತ್ತರ: ತಂಗೀ, ನಗುವವರು ನಗಲಿ. ನಾನು ಕಾರವಾರದಲ್ಲಿ ಹುಟ್ಟಿ ಕಾಣಕೋಣಕ್ಕೆ ಸೊಸೆಯಾಗಿ ಬಂದವಳು. ಇಲ್ಲಿಯ ಆಗೋಂದದ ಕರೀ ಹಂದಿಗೆ ಈಗ ಸರಕಾರದ ಲೆಕ್ಕದಲ್ಲೇ ಒಂದು ತಳಿ ಅಂತ ಹೆಸರು ಸಿಕ್ಕಿದೆ, ಆದರೂ ತವರಿಗೆ ಹೋದಾಗ ‘ಹಂದಿ ಅಕ್ಕ ಬಂದಳು’ ಅನ್ನುವುದು ತಪ್ಪಿಲ್ಲ. ಇನ್ನೊಂದು ಮಾತು, ನಾನು ಡಾಕ್ಟರ್ ಅಲ್ಲ, ಸಾಕಿದವಳು. ಹಾಗಾಗಿ ಎಲ್ಲಿ ಡಾಕ್ಟರನ್ನು ಕರೀಬೇಕು ಅಂತಲೂ ಹೇಳುತ್ತೇನೆ.

ಮೊದಲು ಲೆಕ್ಕ. ಹಂದಿಯ ಗಬ್ಬ 114 ದಿನ. ಆಗಸ್ಟ್ 28ರಿಂದ ಎಣಿಸಿದರೆ ಡಿಸೆಂಬರ್ 20. ಮೂರ್ನಾಲ್ಕು ದಿನ ಆಚೆ ಈಚೆ ಆಗಬಹುದು. ಆದರೆ ಒಂದು ಅನುಮಾನ ಇಟ್ಟುಕೊಳ್ಳಿ. ಹಂದಿ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಮೊದಲ ಸಲ ಗಬ್ಬ ನಿಲ್ಲದೆ, ಆ ಗಂಡು ಸೆಪ್ಟೆಂಬರ್ 18ರ ಸುಮಾರಿಗೆ ಮತ್ತೆ ನುಗ್ಗಿದ್ದರೆ, ಈಯುವುದು ಜನವರಿ ಎರಡನೇ ವಾರಕ್ಕೆ ಹೋಗುತ್ತದೆ. ಮನೆಯವರನ್ನು ಕೇಳಿ ನೋಡಿ, ಬೇಲಿ ಯಾವತ್ತು ಕಟ್ಟಿದರು ಅಂತ.

ಕೂಸು ಅಲ್ವಾ ಅಂದಿರಲ್ಲ, ಹೌದು, ಕೂಸೇ. ಹಂದಿ ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ, ಆದರೆ ಮೈ ಬಲಿಯಲು ಎಂಟು ತಿಂಗಳಾದರೂ ಬೇಕು. ಲಾಡು ತಾನೂ ಬೆಳೆಯಬೇಕು, ಹೊಟ್ಟೆಯೊಳಗಿನವೂ ಬೆಳೆಯಬೇಕು. ಸೊಂಟ ಇನ್ನೂ ಸಣ್ಣದು, ಮರಿ ಸಿಕ್ಕಿಕೊಳ್ಳುವ ಅಪಾಯ ದೊಡ್ಡ ಹಂದಿಗಿಂತ ಜಾಸ್ತಿ. ಅದಕ್ಕೇ ಈ ವಾರವೇ ತಾಲೂಕಿನ ಸರಕಾರಿ ಪಶು ದವಾಖಾನೆಗೆ ಹೋಗಿ ವಿಷಯ ಹೇಳಿ ಬನ್ನಿ. ಜಂತಿನ ಮದ್ದು, ಲಸಿಕೆ ಏನಾದರೂ ಬೇಕಾ ಅಂತಲೂ ಅಲ್ಲೇ ಕೇಳಿ. 1962 ನಂಬರಿನ ಪಶು ಆಂಬ್ಯುಲೆನ್ಸ್ ನಿಮ್ಮ ಕಡೆ ಬರುತ್ತದಾ, ರಾತ್ರಿ ಬರುತ್ತದಾ ಅಂತ ಈಗಲೇ ಫೋನ್ ಮಾಡಿ ನೋಡಿ. ರಾತ್ರಿ ಎರಡು ಗಂಟೆಗೆ ನಂಬರ್ ಹುಡುಕುವ ಕೆಲಸ ಬೇಡ. ಹಂದಿಗಳು ಯಾಕೋ ರಾತ್ರಿಯೇ ಈಯುವುದು ಜಾಸ್ತಿ.

ತಿನ್ನಲು ಕೊಡುವುದು ಸುಲಭ. ನಾನು ಇಷ್ಟು ಗಾತ್ರದ ದೇಸಿ ಹಂದಿಗೆ ದಿನಕ್ಕೆ ಒಂದೂವರೆ ಕಿಲೋ ಅಷ್ಟು ಅಕ್ಕಿ ತೌಡು, ಗೋಧಿ ಬೂಸಾ, ಸ್ವಲ್ಪ ಶೇಂಗಾ ಹಿಂಡಿ ಕಲಸಿ ಕೊಡುತ್ತೇನೆ, ಜೊತೆಗೆ ಸೊಪ್ಪು. ಬಸುರಿ ಅಂತ ತುಂಬಿ ತುಂಬಿ ಇಡಬೇಡಿ, ಕೊಬ್ಬಿದ ಹಂದಿ ಈಯಲು ಒದ್ದಾಡುತ್ತದೆ. ದಿನ ಹತ್ತಿರ ಬಂದಾಗ ಬೂಸಾ ಜಾಸ್ತಿ ಮಾಡಿ, ಮಲ ಕಟ್ಟಬಾರದು. ನೀರು ಯಾವಾಗಲೂ ಇರಲಿ. ಸಾಲಿಗಾಂವ್ ಸುತ್ತ ಹೋಟೆಲುಗಳು ಬೇಕಾದಷ್ಟು, ಅಲ್ಲಿಯ ಎಂಜಲು ಬಕೆಟ್ ಪುಕ್ಕಟೆ ಸಿಗುತ್ತದೆ, ಗೊತ್ತು. ತರಬೇಡಿ. ಅದರಲ್ಲಿ ಹಂದಿ ಮಾಂಸದ ಚೂರು, ಶೊರೀಸ್ (ಹಂದಿ ಮಾಂಸದ ಸಾಸೇಜ್) ತುಂಡು ಇದ್ದೇ ಇರುತ್ತದೆ. 2020ರಲ್ಲಿ ನಮ್ಮ ದೇಶಕ್ಕೆ ಬಂದ ಆಫ್ರಿಕನ್ ಹಂದಿ ಜ್ವರ ಹೀಗೆ ಮಾಂಸದಲ್ಲೂ ಹರಡುತ್ತದೆ. ಮನುಷ್ಯರಿಗೆ ಏನೂ ಆಗುವುದಿಲ್ಲ, ಹಂದಿಗೆ ಮಾತ್ರ ಅದಕ್ಕೆ ಮದ್ದಿಲ್ಲ.

ಇನ್ನು ಜಾಗ. ಈ ಒಂದು ವಿಷಯದಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ನನ್ನ ಮೊದಲ ಹಂದಿ ಈದಾಗ ಎಂಟು ಮರಿ, ಒಂದೂ ಸಾಯಲಿಲ್ಲ, ಎಲ್ಲರಿಗೂ ಫೋನ್ ಮಾಡಿ ಹೇಳಿದೆ. ಬೆಳಗ್ಗೆ ಹೋಗಿ ನೋಡಿದರೆ ಮೂರು ಚಪ್ಪಟೆ. ತಾಯಿ ಕಚ್ಚಿದ್ದಲ್ಲ, ಗೋಡೆಗೆ ಒರಗಿ ಮಲಗುವಾಗ ಅಡಿಗೆ ಸಿಕ್ಕಿದ್ದು. ಹಂದಿ ಆಕಳ ಹಾಗೆ ನೋಡಿ ನೋಡಿ ಕೂರುವುದಿಲ್ಲ, ಧಡ್ ಅಂತ ಬೀಳುತ್ತದೆ. ಮಾರನೇ ದಿನ ನನ್ನ ಮಾವ ಏನೂ ಮಾತಾಡದೆ ಎರಡು ಹಳೇ ನೀರಿನ ಪೈಪು ತಂದು ಗೋಡೆಗುಂಟ ಅಡ್ಡ ಹಾಕಿದರು. ನೆಲದಿಂದ 8ರಿಂದ 10 ಇಂಚು ಮೇಲೆ, ಗೋಡೆಯಿಂದಲೂ ಅಷ್ಟೇ ಈಚೆಗೆ. ತಾಯಿ ಮಲಗಿದರೂ ಮರಿ ಪೈಪಿನ ಹಿಂದೆ ನುಸುಳಿ ಉಳಿಯುತ್ತದೆ. ಮನೆಯವರಿಗೆ ಇವತ್ತೇ ಹೇಳಿ, ಪೈಪಿಲ್ಲದಿದ್ದರೆ ಗಟ್ಟಿ ಬಿದಿರು ಸಾಕು. ಒಂದು ಮೂಲೆಯಲ್ಲಿ ಮರಿಗಳು ಮಾತ್ರ ನುಗ್ಗುವಷ್ಟು ಜಾಗ ಬಿಟ್ಟು ಹಲಗೆ ಕಟ್ಟಿ, ಅಲ್ಲಿ ಬಲ್ಬ್ ನೇತು ಹಾಕಿ. ಹಳೇ 100 ವ್ಯಾಟಿನ ಬಿಸಿ ಬಲ್ಬ್ ಬೇಕು, ಎಲ್ಇಡಿ ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ವೈರು ಲಾಡುವಿನ ಬಾಯಿಗೆ ಸಿಗಬಾರದು, ಬಲ್ಬ್ ಹುಲ್ಲಿಗೆ ತಾಗಬಾರದು. ಹುಟ್ಟಿದ ಮರಿಗೆ 32ರಿಂದ 34 ಡಿಗ್ರಿ ಬಿಸಿ ಬೇಕು, ತಾಯಿಗೆ ಅಷ್ಟು ಬಿಸಿ ಆಗುವುದಿಲ್ಲ. ಅದಕ್ಕೇ ಮೂಲೆ ಬೇರೆ. ಗೋವಾದಲ್ಲಿ ಎಲ್ಲಿಯ ಚಳಿ ಅನ್ನಬೇಡಿ, ಡಿಸೆಂಬರ್ ಬೆಳಗಿನ ಜಾವ ಒದ್ದೆ ಮರಿಗೆ ಅಷ್ಟೇ ಸಾಕು. ಈಯುವ ಒಂದು ವಾರ ಮೊದಲೇ ಲಾಡುವಿಗೆ ಸೋಪು ಹಚ್ಚಿ ಸ್ನಾನ ಮಾಡಿಸಿ, ತೊಳೆದು ಒಣಗಿಸಿದ ಆ ಗೂಡಿಗೆ ಬಿಡಿ, ರೂಢಿಯಾಗಲಿ.

ಇವತ್ತೇ ಈಯುತ್ತದೆ ಅಂತ ಗೊತ್ತಾಗುವುದು ಹೇಗೆ? ಅದೇ ಹೇಳುತ್ತದೆ. ಊಟ ಬಿಡುತ್ತದೆ, ಎದ್ದು ಕೂತು ಮಾಡುತ್ತದೆ, ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಬಂದು ಮೂಲೆಯಲ್ಲಿ ಒಟ್ಟುತ್ತದೆ, ಮೂತಿಯಿಂದ ಒತ್ತುತ್ತದೆ, ಸರಿಯಿಲ್ಲ ಅಂತ ಎಲ್ಲ ಕೆದರಿ ಮತ್ತೆ ಶುರು. ನಮ್ಮದೊಂದು ಹಗ್ಗದ ಮೇಲಿದ್ದ ನನ್ನ ನೈಟಿಯನ್ನೂ ಎಳೆದುಕೊಂಡು ಹೋಗಿ ಗೂಡಿಗೆ ಹಾಸಿಕೊಂಡಿತ್ತು, ನಾನು ವಾಪಸ್ ಕೇಳಲಿಲ್ಲ. ಧಾರಾಳ ಭತ್ತದ ಹುಲ್ಲು ಕೊಡಿ, ಗೂಡು ಕಟ್ಟಲು ಬಿಟ್ಟರೆ ಮನಸ್ಸು ಶಾಂತವಾಗುತ್ತದೆ. ಮೊಲೆ ತೊಟ್ಟು ಹಿಂಡಿದರೆ ಹಾಲು ಚಿಮ್ಮಿತು ಅಂದರೆ ಇನ್ನು ಹೆಚ್ಚೆಂದರೆ ಒಂದು ದಿನ.

ಆ ಹೊತ್ತಿಗೆ ಬೇಕಾಗಿದ್ದು ಒಣ ಬಟ್ಟೆ, ಅಯೋಡಿನ್, ದಾರ, ಕೈಗವಸು, ಗಡಿಯಾರ. ಒಬ್ಬರೇ ಇರಿ, ಅದು ನಂಬುವವರು, ಅಂದರೆ ನೀವೇ. ಮನೆಯವರು ಹೊರಗೆ ಕೂತು ಚಹಾ ಮಾಡಲಿ. ಆಕಳು ಈಯಿಸಿದವರಿಗೆ ಕರು ಹಿಡಿದು ಎಳೆಯುವ ಚಟ ಇರುತ್ತದೆ, ಇಲ್ಲಿ ಎಳೆಯುವ ಕೆಲಸವೇ ಇಲ್ಲ. ಮರಿ ತಲೆ ಮುಂದಾಗಿ ಬರಲಿ, ಹಿಂಗಾಲು ಮುಂದಾಗಿ ಬರಲಿ, ಹಂದಿಯಲ್ಲಿ ಎರಡೂ ಸರಿಯೇ. ಒಂದು ಮರಿಗೂ ಇನ್ನೊಂದಕ್ಕೂ ಸಾಮಾನ್ಯವಾಗಿ 15-20 ನಿಮಿಷ, ಎಲ್ಲ ಮುಗಿಯಲು ಎರಡರಿಂದ ಐದು ಗಂಟೆ. ಹುಟ್ಟಿದ ಮರಿಯ ಮೂಗು ಬಾಯಿ ಒರೆಸಿ, ಒಣ ಬಟ್ಟೆಯಿಂದ ಚೆನ್ನಾಗಿ ತಿಕ್ಕಿ. ಹೊಕ್ಕಳ ಬಳ್ಳಿ ಜಗ್ಗಬೇಡಿ, ತಾನೇ ಕಡಿಯುತ್ತದೆ. ರಕ್ತ ಸೋರಿದರೆ ದಾರ ಕಟ್ಟಿ, ಅಯೋಡಿನ್‌ನಲ್ಲಿ ಅದ್ದಿ. ಮೊದಲ ಮರಿ ಕಣ್ಣು ಬಿಟ್ಟುಕೊಂಡೇ ಹುಟ್ಟಿ, ಬಳ್ಳಿ ಎಳೆದುಕೊಂಡು, ತೂರಾಡುತ್ತಾ ತಾಯಿಯ ತೊಡೆ ಬಳಸಿ ಹೋಗಿ ಮೂತಿಯಿಂದ ತಡಕಿ ತಡಕಿ ತೊಟ್ಟು ಹಿಡಿಯುವುದನ್ನು ನೋಡುತ್ತೀರಿ. ಅಷ್ಟು ಹೊತ್ತು ಉಸಿರು ಬಿಗಿ ಹಿಡಿದೇ ಇರುತ್ತೀರಿ, ನಾನು ಇವತ್ತಿಗೂ ಹಾಗೇ.

ಈಗ ಗಡಿಯಾರ. ಜೋರಾಗಿ ತಿಣುಕುತ್ತಿದೆ, ಅರ್ಧ ಗಂಟೆ ಆದರೂ ಮರಿ ಬಂದಿಲ್ಲ ಅಂದರೆ ಡಾಕ್ಟರಿಗೆ ಫೋನ್ ಮಾಡಿ. ಕೆಟ್ಟ ವಾಸನೆಯ ಕಂದು ನೀರು ಹೋಗುತ್ತಿದ್ದರೂ, 117 ದಿನ ದಾಟಿಯೂ ಸುದ್ದಿ ಇಲ್ಲದಿದ್ದರೂ ಅಷ್ಟೇ. ಪಕ್ಕದವರು ಯಾರಾದರೂ ಎಮ್ಮೆಗೆ ಹಾಕುವ ಆಕ್ಸಿಟೋಸಿನ್ ಸೂಜಿ ತಂದುಕೊಡುತ್ತೇನೆ ಅಂತ ಬಂದರೆ ಬಾಗಿಲಲ್ಲೇ ಕಳಿಸಿ. ಮರಿ ಅಡ್ಡ ಸಿಕ್ಕಿದ್ದಾಗ ಆ ಸೂಜಿ ಹಾಕಿದರೆ ಗರ್ಭಕೋಶ ಹರಿಯಬಹುದು. ಹಾಲಿಗೆ ಅಂತ ತಂದ ಔಷಧಿ ತಾಯಿಯನ್ನೇ ಕೊಂಡೊಯ್ದದ್ದು ನಮ್ಮ ವಾಡೆಯಲ್ಲೇ ಆಗಿದೆ.

ಸತ್ತೆ, ಅಂದರೆ ಮಾಸು, ಮೂರ್ನಾಲ್ಕು ಗಂಟೆಯೊಳಗೆ ಬೀಳಬೇಕು. ಬಿದ್ದದ್ದನ್ನು ತೆಗೆದು ಹೂಳಿ, ಕೈಗವಸು ಹಾಕಿಕೊಂಡೇ. ಇಲಿಜ್ವರ, ಬ್ರುಸೆಲ್ಲಾ ಮುಂತಾದ ರೋಗ ಈಯುವಾಗ ಹೋಗುವ ನೀರಿನಿಂದ ನಮಗೂ ಹತ್ತುತ್ತದೆ, ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಗೂಡಿನ ಹತ್ತಿರ ಬರಲೇಬಾರದು.

ಗಿಣ್ಣು ಹಾಲು ಎಲ್ಲ ಮರಿಗೂ ಮೊದಲ ಆರು ಗಂಟೆಯೊಳಗೆ ಸಿಗಬೇಕು. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಮರಿಗೆ ರೋಗ ತಡೆಯುವ ಶಕ್ತಿ ಬಂದಿರುವುದಿಲ್ಲ, ಬರುವುದು ಆ ಹಾಲಲ್ಲೇ. ಸಣ್ಣ ಮರಿಯನ್ನು ಎದೆ ಕಡೆಯ ತೊಟ್ಟಿಗೆ ಹಚ್ಚಿ, ಅಲ್ಲಿ ಹಾಲು ಜಾಸ್ತಿ. ಎರಡು ಮೂರು ದಿನದಲ್ಲಿ ಒಂದೊಂದು ಮರಿ ಒಂದೊಂದು ತೊಟ್ಟು ತನ್ನದು ಅಂತ ಮಾಡಿಕೊಳ್ಳುತ್ತದೆ. ಗಂಟೆಗೊಮ್ಮೆ ಲಾಡು ಗುರ್ ಗುರ್ ಅಂತ ಕರೆಯುತ್ತದೆ, ಹಾಲು ಇಳಿಯುವುದು ಬರೀ 20 ಸೆಕೆಂಡ್ ಅಷ್ಟು ಹೊತ್ತು. ಆಗ ಹೋಗಿ ಸದ್ದು ಮಾಡಿದರೆ ಆ ಸಲದ ಹಾಲು ಹೋಯಿತು.

ಮೊದಲ ಮೂರು ದಿನ ಕೆಚ್ಚಲು ಮುಟ್ಟಿ ನೋಡಿ. ಕಲ್ಲಿನ ಹಾಗೆ ಗಟ್ಟಿ, ಬಿಸಿ, ತಾಯಿ ಹೊಟ್ಟೆ ಒತ್ತಿ ಮಲಗಿ ಹಾಲು ಕೊಡುತ್ತಿಲ್ಲ, ಮರಿಗಳು ಸುಮ್ನೆ ಕಿರುಚುತ್ತಿವೆ, ಜ್ವರ 40 ಡಿಗ್ರಿ ದಾಟಿದೆ ಅಂದರೆ ಅವತ್ತೇ ಡಾಕ್ಟರು ಬೇಕು. ನಾಳೆ ನೋಡೋಣ ಅಂದರೆ ಮರಿಗಳು ನಾಳೆ ಇರುವುದಿಲ್ಲ.

ಮೂರನೇ ದಿನ ಮರಿಗಳಿಗೆ ಕಬ್ಬಿಣಾಂಶದ ಸೂಜಿ (ಇಂಜೆಕ್ಷನ್) ಹಾಕಿಸಿ. ಡಿಚೋಲಿ, ಸತ್ತರಿಯಿಂದ ಹಡಗುಗಟ್ಟಲೆ ಕಬ್ಬಿಣದ ಅದಿರು ಹೋದ ರಾಜ್ಯ ಇದು, ಆದರೆ ಸಿಮೆಂಟ್ ನೆಲದ ಮೇಲೆ ಹುಟ್ಟಿದ ಹಂದಿಮರಿಗೆ ಕಬ್ಬಿಣ ಸಿಗುವುದಿಲ್ಲ, ತಾಯಿಯ ಹಾಲಲ್ಲಿ ಅದು ತೀರಾ ಕಡಿಮೆ. ಸೂಜಿ ಇಲ್ಲದಿದ್ದರೆ ಎರಡು ಮೂರು ವಾರಕ್ಕೆ ಮರಿ ಬಿಳಿಚಿಕೊಂಡು ಏದುಸಿರು ಬಿಡುತ್ತದೆ. ಹಂದಿ ಓಡಾಡದ ಕಡೆಯ ಕೆಂಪು ಮಣ್ಣನ್ನೂ ಒಂದು ಬುಟ್ಟಿ ಸುರಿಯಿರಿ, ಮೂತಿ ಹಾಕಿ ಆಡಲಿ, ಆದರೆ ಅದು ಸೂಜಿಯ ಬದಲಿ ಅಲ್ಲ. ಗಂಡು ಮರಿಗಳ ಬೀಜ ತೆಗೆಸುವ ಮಾತನ್ನೂ ಅದೇ ದಿನ ಡಾಕ್ಟರ ಹತ್ತಿರ ಆಡಿಬಿಡಿ, ಎರಡು ವಾರದೊಳಗೆ ಆದರೆ ಮರಿಗೆ ಕಷ್ಟ ಕಡಿಮೆ. ಬಿಟ್ಟರೆ ಮೂರ್ನಾಲ್ಕು ತಿಂಗಳಿಗೇ ಅಣ್ಣ ತಂಗಿ ಅಂತ ನೋಡುವುದಿಲ್ಲ ಅವು.

ಲೆಕ್ಕ ಸರಿಯಿದ್ದರೆ ಕ್ರಿಸ್‌ಮಸ್ ಹೊತ್ತಿಗೆ ಮರಿಗಳು ನಾಲ್ಕೈದು ದಿನದವು. ವಾಡೆಯ ಅಂಕಲ್ ಆಂಟಿಯರು ಸಕ್ಕರೆ ಹಚ್ಚಿದ ಮಾತಾಡುತ್ತಾ ಬೇಲಿ ಹತ್ತಿರ ಬರುತ್ತಾರೆ, ‘ಒಂದು ಮರಿ ನಮಗೆ ಇಡಿ’ ಅಂತ. ಅದು ಅವರ ಹಬ್ಬ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಮಾರುವುದೋ ಸಾಕುವುದೋ ಅಂತ ಲಿಸ್ಬನ್‌ನ ಹುಡುಗಿಗೆ ಈಗಲೇ ಫೋನ್ ಮಾಡಿ ಕೇಳಿ, ಹಂದಿ ಅವಳದು. ಆ ರಾತ್ರಿ ಪಟಾಕಿ ಹೊಡೆಯುತ್ತಾರೆ, ಬೆಚ್ಚಿಬಿದ್ದ ತಾಯಿ ಮರಿ ತುಳಿಯುತ್ತದೆ, ಅವತ್ತು ಮಾತ್ರ ಗೂಡಿನ ಪಕ್ಕದಲ್ಲೇ ಚಾಪೆ ಹಾಕಿ ಮಲಗಿ.

ಮರಿ ಬಿಡಿಸಲು ಎರಡು ತಿಂಗಳು ಹತ್ತಿರ ಬರಲಿ, ಅವಸರ ಬೇಡ. ಬಿಡಿಸಿದ ನಾಲ್ಕರಿಂದ ಏಳು ದಿನಕ್ಕೆ ಲಾಡು ಮತ್ತೆ ಬೆದೆಗೆ ಬರುತ್ತದೆ. ಆ ಗಂಡು ಹಂದಿಗೆ ಅದು ನಿಮಗಿಂತ ಮೊದಲೇ ಗೊತ್ತಾಗುತ್ತದೆ. ಮನೆಯವರು ಬೇಲಿಗೆ ಹಗ್ಗ ಕಟ್ಟಿ ಬಿಟ್ಟಿದ್ದರೆ ಬಿಚ್ಚಿಸಿ, ಕಲ್ಲು ಕಂಬ ನೆಡಿಸಿ.